ಪದವಿಯ ಹೆಸರಲ್ಲೇ ಹವಾಮಾನ ಇರಬೇಕಾ?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನ ಕಾಫಿ ಬೆಳೆಗಾರರು. ಮಗಳು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ಪಿಸಿಎಂಬಿ. 2019ರ ಆಗಸ್ಟಿನಲ್ಲಿ ನಮ್ಮ ಕಡೆ ಗುಡ್ಡಗಳು ಕುಸಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಅವಳಿಗೆ ಮಳೆ, ಹವಾಮಾನ, ಸಮುದ್ರ ಇದರ ಬಗ್ಗೆಯೇ ಓದಬೇಕು ಅಂತ ಹಟ. ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ‘ಕ್ಲೈಮೇಟ್ ಸೈನ್ಸ್’ ಹೆಸರಿನ ಬಿ.ಎಸ್ಸಿ ಇದೆ, ವರ್ಷಕ್ಕೆ ಎರಡೂವರೆ ಲಕ್ಷ ಫೀಸು ಕೇಳುತ್ತಾರೆ. ಅವಳ ಸೋದರಮಾವ ಅಗ್ರಿ ಬಿ.ಎಸ್ಸಿ ಮಾಡಿಸಿ ಅಂತಾರೆ. ಊರಲ್ಲಿ ‘ಹವಾಮಾನ ಇಲಾಖೆ ಹೇಳಿದ್ದು ಯಾವತ್ತು ಸರಿ ಹೋಗಿದೆ, ಅದನ್ನೇನು ಓದೋದು’ ಅಂತ ನಗುತ್ತಾರೆ. ಸಮುದ್ರ ವಿಜ್ಞಾನ ಅಂದರೆ ತಿಂಗಳುಗಟ್ಟಲೆ ಹಡಗಿನಲ್ಲಿರಬೇಕಂತೆ, ಹೆಣ್ಣುಮಗು ಬೇರೆ. ಓದಿದರೆ ಕೆಲಸ ಸಿಗುತ್ತದೆಯೇ? ಮನೆಯಲ್ಲಿ ಅವಳ ಅಜ್ಜ 1974ರಿಂದ ಬರೆದಿಟ್ಟ ಮಳೆ ಪುಸ್ತಕ ಇದೆ, ಅದರಿಂದ ಅವಳಿಗೇನಾದರೂ ಉಪಯೋಗವಾದೀತೇ? ಇನ್ನೊಂದು ವಿಷಯ, ಅವಳಿಗೆ ಗಣಿತ ಕಷ್ಟ. ಗಣಿತ ಬಿಟ್ಟು ಇದನ್ನು ಓದಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ. ಉಳಿದೆಲ್ಲವನ್ನೂ ತೀರ್ಮಾನಿಸುವ ಪ್ರಶ್ನೆಯನ್ನು ಮಾತ್ರ ಕೊನೆಯಲ್ಲಿ, ನೆನಪಾಗಿ ಸೇರಿಸಿದ ಹಾಗೆ ಕೇಳಿದ್ದೀರಿ. ಅಲ್ಲಿಂದಲೇ ಶುರು ಮಾಡೋಣ. ಗಣಿತ ಬಿಟ್ಟು ಹವಾಮಾನ ವಿಜ್ಞಾನ ಓದಲು ಆಗುವುದಿಲ್ಲ. ಗಣಿತ ಬಿಟ್ಟೂ ಓದಬಹುದಾದ ಅಕ್ಕಪಕ್ಕದ ವಿಷಯಗಳಿವೆ, ಅವೂ ಒಳ್ಳೆಯವೇ. ಆದರೆ ಅವು ಬೇರೆ ಬಾಗಿಲುಗಳು.

ಯಾಕೆ ಆಗುವುದಿಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ, ನಿಮ್ಮ ಜಿಲ್ಲೆಯೇ ಸಾಕು. ಕರಾವಳಿಯ ತೇವದ ಗಾಳಿ ಚಾರ್ಮಾಡಿ ಘಾಟಿಯ ಗೋಡೆಗೆ ಬಡಿದು ಮೇಲೇರುತ್ತದೆ. ಮೋಡ ಕಟ್ಟುವ ತನಕ ಅದು ಪ್ರತಿ 1000 ಮೀಟರಿಗೆ ಸುಮಾರು 9.8 ಡಿಗ್ರಿ ತಣ್ಣಗಾಗುತ್ತದೆ. ಮೋಡ ಕಟ್ಟಿದ ಮೇಲೆ ಆವಿ ನೀರಾಗುವಾಗ ಬಿಡುವ ಶಾಖದಿಂದಾಗಿ ಆ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕೊಟ್ಟಿಗೆಹಾರದ ಸುತ್ತ ನೀರು ಸುರಿದುಹೋಗಿ, ಅದೇ ಗಾಳಿ ಪೂರ್ವಕ್ಕೆ ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಹೀಗಾಗಿ ಒಂದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ ಎರಡು ಮೂರು ಸಾವಿರ ಮಿಲಿಮೀಟರ್ ಮಳೆ, ಕಡೂರಿನಲ್ಲಿ ಆರೇಳು ನೂರು. ಹಾಸನ ಜಿಲ್ಲೆಯಲ್ಲಿ ಸಕಲೇಶಪುರಕ್ಕೂ ಅರಸೀಕೆರೆಗೂ ಇದೇ ಕಥೆ. ಇಷ್ಟನ್ನು ಮಾತಿನಲ್ಲಿ ಹೇಳುವುದು ಭೂಗೋಳ. ಗಾಳಿ ಇಷ್ಟು ಎತ್ತರ ಏರಿದರೆ ಇಷ್ಟು ನೀರು ಉದುರುತ್ತದೆ ಎಂದು ಲೆಕ್ಕ ಕಟ್ಟುವುದು ಹವಾಮಾನ ವಿಜ್ಞಾನ. ಆ ಲೆಕ್ಕಕ್ಕೆ ಶಾಖದ ಶಾಸ್ತ್ರವಾದ ಥರ್ಮೋಡೈನಮಿಕ್ಸ್ ಬೇಕು, ತಿರುಗುವ ಭೂಮಿಯ ಮೇಲೆ ಹರಿಯುವ ಗಾಳಿಯ ಚಲನೆಗೆ ವೆಕ್ಟರ್ ಕ್ಯಾಲ್ಕ್ಯುಲಸ್ ಬೇಕು. ಸಮುದ್ರದ ಪ್ರವಾಹಗಳಿಗೂ ಸಮೀಕರಣಗಳು ಹೆಚ್ಚುಕಡಿಮೆ ಅವೇ. 1904ರಿಂದ 1924ರವರೆಗೆ ಭಾರತದ ಹವಾಮಾನ ವೀಕ್ಷಣಾಲಯಗಳ ಮುಖ್ಯಸ್ಥರಾಗಿದ್ದು, ಪೆಸಿಫಿಕ್ ಸಾಗರದ ಗಾಳಿಯ ಒತ್ತಡಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ಹುಡುಕಿದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತದವರು.

ಇಷ್ಟು ಹೇಳಿದ ಮಾತ್ರಕ್ಕೆ ನಿಮ್ಮ ಮಗಳು ಕೈಚೆಲ್ಲಬೇಕಾಗಿಲ್ಲ. ‘ಗಣಿತ ಕಷ್ಟ’ ಎನ್ನುವ ಪಿಯುಸಿ ಮಕ್ಕಳಲ್ಲಿ ಬಹಳ ಮಂದಿಗೆ ಕಷ್ಟವಾಗಿರುವುದು ಗಣಿತವಲ್ಲ, ಒಂದು ನಿಮಿಷಕ್ಕೊಂದು ಲೆಕ್ಕ ಬಿಡಿಸುವ ಕೋಚಿಂಗ್ ಓಟ. ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಇಂಟಿಗ್ರಲ್ಸ್, ಡಿಫರೆನ್ಷಿಯಲ್ ಈಕ್ವೇಷನ್ಸ್, ವೆಕ್ಟರ್ ಆಲ್ಜಿಬ್ರಾ, ಪ್ರಾಬಬಿಲಿಟಿ ಎಂಬ ನಾಲ್ಕು ಅಧ್ಯಾಯಗಳಿವೆ. ಗೈಡ್ ಪಕ್ಕಕ್ಕಿಟ್ಟು, ಗಡಿಯಾರ ನೋಡದೆ, ಪ್ರತಿ ಅಧ್ಯಾಯದಿಂದ ಹತ್ತು ಲೆಕ್ಕ ಮಾಡಲಿ. ಹತ್ತರಲ್ಲಿ ಆರು ತಾನಾಗಿ ಬಂದರೆ ಈ ದಾರಿ ಹಿಡಿಯಬಹುದು, ವೇಗ ಆಮೇಲೆ ಬರುತ್ತದೆ. ಎರಡು ಮೂರರಲ್ಲೇ ನಿಂತು, ಉತ್ತರ ತೋರಿಸಿದ ಮೇಲೂ ಮನಸ್ಸು ಒಗ್ಗದಿದ್ದರೆ ಅದನ್ನೂ ಒಪ್ಪಿಕೊಳ್ಳಬೇಕು.

ಗಣಿತದ ಮಾತು ಬರೀ ಓದಿಗೆ ನಿಲ್ಲುವುದಿಲ್ಲ, ಕೆಲಸದ ಅರ್ಹತೆಯಲ್ಲೂ ಇದೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ ಮೂಲಕ ಭಾರತೀಯ ಹವಾಮಾನ ಇಲಾಖೆಗೆ ಸೈಂಟಿಫಿಕ್ ಅಸಿಸ್ಟೆಂಟ್‌ಗಳನ್ನು ತೆಗೆದುಕೊಳ್ಳುತ್ತಾರೆ. 2022ರಲ್ಲಿ 990 ಹುದ್ದೆಗಳಿಗೆ ಕರೆದಿದ್ದರು. ಆ ಅಧಿಸೂಚನೆಯಲ್ಲಿ ಕೇಳಿದ್ದು ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ, ಪದವಿಯಲ್ಲಿ ಭೌತಶಾಸ್ತ್ರ ಒಂದು ವಿಷಯವಾಗಿರುವ ಬಿ.ಎಸ್ಸಿ ಅಥವಾ ಕಂಪ್ಯೂಟರ್ ಪದವಿ ಇಲ್ಲವೇ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಜೊತೆಗೆ ಪ್ರಥಮ ದರ್ಜೆ. ವಾಯುಪಡೆಯ ಹವಾಮಾನ ಶಾಖೆಯೂ ಪದವಿ ಮಟ್ಟದ ಗಣಿತ, ಭೌತಶಾಸ್ತ್ರದ ಅಂಕಗಳನ್ನೇ ನೋಡುತ್ತದೆ. ಪದವಿಯಲ್ಲಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ತೆಗೆದುಕೊಂಡ ದಿನವೇ ಈ ಎರಡೂ ದಾರಿ ಮುಚ್ಚಿಹೋಗುತ್ತವೆ. ಇದು ಬಹಳ ಜನರಿಗೆ ಗೊತ್ತಾಗುವುದು ಮೂರು ವರ್ಷ ಕಳೆದ ಮೇಲೆ.

ಎರಡೂವರೆ ಲಕ್ಷದ ಬ್ರೋಷರ್

ಪದವಿಯ ಹೆಸರಿನಲ್ಲಿ ‘ಕ್ಲೈಮೇಟ್’ ಇದ್ದರೆ ಮಾತ್ರ ಆ ಕ್ಷೇತ್ರಕ್ಕೆ ಹೋಗಬಹುದು ಎಂಬುದು ಇತ್ತೀಚೆಗೆ ಹುಟ್ಟಿಕೊಂಡ ನಂಬಿಕೆ. ನಮ್ಮ ದೇಶದಲ್ಲಿ ಹವಾಮಾನ, ಸಮುದ್ರ ವಿಜ್ಞಾನಗಳು ಮೊದಲಿನಿಂದಲೂ ಎಂ.ಎಸ್ಸಿ ಹಂತದಲ್ಲಿ ಶುರುವಾಗುವ ವಿಷಯಗಳು. ಪದವಿಯಲ್ಲಿ ಭೌತಶಾಸ್ತ್ರ, ಗಣಿತ ಕಲಿತು ಬನ್ನಿ, ವಾತಾವರಣದ ಪಾಠ ನಾವು ಹೇಳುತ್ತೇವೆ ಎಂಬುದು ಇಲ್ಲಿಯ ಕ್ರಮ. ಹವಾಮಾನ ಇಲಾಖೆಯ ಉಪಕರಣಗಳನ್ನು ದೇಶದಲ್ಲೇ ತಯಾರಿಸುವ ವ್ಯವಸ್ಥೆ ಕಟ್ಟಿ, 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಅಣ್ಣಾ ಮಣಿ ಓದಿದ್ದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಬಿ.ಎಸ್ಸಿ ಆನರ್ಸ್.

ಹಾಗೆಂದು ಹೊಸ ಹೆಸರಿನ ಕೋರ್ಸುಗಳೆಲ್ಲ ಮೋಸ ಎಂದಲ್ಲ. ಫೀಸು ಕಟ್ಟುವ ಮುಂಚೆ ಮೂರೂ ವರ್ಷದ ಸಿಲೆಬಸ್ ತರಿಸಿಕೊಳ್ಳಿ. ಅದರಲ್ಲಿ ಗಣಿತದ ಪತ್ರಿಕೆಗಳು ಎಷ್ಟಿವೆ ಎಣಿಸಿ, ನಾಲ್ಕಕ್ಕಿಂತ ಕಡಿಮೆ ಇದ್ದರೆ ಅದು ಪರಿಸರ ಅಧ್ಯಯನಕ್ಕೆ ಹಚ್ಚಿದ ಹೊಸ ಬಣ್ಣ. ಡೈನಮಿಕ್ ಮೀಟಿಯರಾಲಜಿ (ಗಾಳಿಯ ಚಲನೆಯ ಶಾಸ್ತ್ರ), ಥರ್ಮೋಡೈನಮಿಕ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್ ಎಂಬ ಮಾತುಗಳು ಇವೆಯೇ, ಅಥವಾ ‘ಸಸ್ಟೈನಬಿಲಿಟಿ’, ‘ಪಾಲಿಸಿ’ಗಳೇ ತುಂಬಿವೆಯೇ ನೋಡಿ. ಪಾಠ ಮಾಡುವವರಲ್ಲಿ ಈ ವಿಷಯದಲ್ಲೇ ಪಿಎಚ್.ಡಿ ಮಾಡಿದವರು ಎಷ್ಟು ಮಂದಿ ಎಂದು ಹೆಸರು ಹಿಡಿದು ಕೇಳಿ. ಎಲ್ಲಕ್ಕಿಂತ ಮುಖ್ಯ, ಅಂಕಪಟ್ಟಿಯಲ್ಲಿ ‘ಫಿಸಿಕ್ಸ್’ ಎಂಬ ಶೀರ್ಷಿಕೆಯ ವಿಷಯ ಇರುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯಿರಿ. ‘ಅಟ್ಮಾಸ್ಫಿಯರಿಕ್ ಪ್ರೊಸೆಸಸ್’ ಎಂಬ ಪತ್ರಿಕೆಯಲ್ಲಿ ಭೌತಶಾಸ್ತ್ರವೇ ಇರಬಹುದು, ಆದರೆ ದಾಖಲೆ ಪರಿಶೀಲಿಸುವ ಗುಮಾಸ್ತರಿಗೆ ಹೆಸರು ಮುಖ್ಯ. ಈ ಪ್ರಶ್ನೆಗಳಿಗೆ ನೇರ ಉತ್ತರ ಬರದಿದ್ದರೆ ಮೂರು ವರ್ಷಕ್ಕೆ ಏಳೂವರೆ ಲಕ್ಷ ಸುರಿಯಬೇಡಿ. ಆ ದುಡ್ಡಿನ ಒಂದು ಪಾಲಿನಲ್ಲಿ ಸರ್ಕಾರಿ ಕಾಲೇಜಿನ ಬಿ.ಎಸ್ಸಿ, ಹೊರ ರಾಜ್ಯದ ಎಂ.ಎಸ್ಸಿ ಎರಡೂ ಮುಗಿಯುತ್ತವೆ.

ನಿಮ್ಮ ಮುಂದಿರುವ ದಾರಿಗಳು

ಒಂದನೆಯದು ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳು. ಪುಣೆ, ತಿರುಪತಿ, ಭೋಪಾಲ್, ಕೋಲ್ಕತ್ತಾ, ಬೆರ್ಹಾಂಪುರ ಐಸರ್‌ಗಳಲ್ಲಿ ಭೂವಿಜ್ಞಾನ, ವಾಯುಗುಣ ಅಥವಾ ಪರಿಸರದ ವಿಭಾಗಗಳಿವೆ, ಐದು ವರ್ಷದ ಬಿಎಸ್-ಎಂಎಸ್. ಪ್ರವೇಶಕ್ಕೆ ಐಎಟಿ ಎಂಬ ಪರೀಕ್ಷೆ. 60 ಪ್ರಶ್ನೆ, ಮೂರು ಗಂಟೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರದಿಂದ ತಲಾ 15. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ನಾಲ್ಕೂ ವಿಷಯ ಕೇಳುವ ಪರೀಕ್ಷೆಯಾದ್ದರಿಂದ ಪಿಸಿಎಂಬಿಯವರಿಗೆ ಇದು ಹೇಳಿ ಮಾಡಿಸಿದ್ದು. ಜೀವಶಾಸ್ತ್ರ ಬಿಟ್ಟ ಎಂಜಿನಿಯರಿಂಗ್ ಆಕಾಂಕ್ಷಿಗಳು ಆ 15 ಪ್ರಶ್ನೆಗಳಲ್ಲಿ ಎಡವುತ್ತಾರೆ. ನೀಟ್‌ಗೆ ಓದುತ್ತಿರುವವರು ಗಣಿತದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿಎಸ್ ಕೂಡ ಇದೇ ಸಾಲಿನದು, ಸೀಟು ಕಡಿಮೆ, ಪೈಪೋಟಿ ಹೆಚ್ಚು. ಇಲ್ಲಿಯ ಅಪಾಯ ಒಂದೇ: ಒಂದು ಪರೀಕ್ಷೆ, ಒಂದು ದಿನ. ಬರೆಯಲಿ, ಆದರೆ ಇದನ್ನೇ ನಂಬಿ ಒಂದು ವರ್ಷ ಮನೆಯಲ್ಲಿ ಕೂರುವುದು ಬೇಡ.

ಎರಡನೆಯದು ಹಾಸನ ಅಥವಾ ಚಿಕ್ಕಮಗಳೂರಿನ ಸರ್ಕಾರಿ ಕಾಲೇಜಿನಲ್ಲೇ ಬಿ.ಎಸ್ಸಿ. ‘ಲೋಕಲ್ ಡಿಗ್ರಿ’ ಎಂದು ಮೂಗು ಮುರಿಯುವವರು ಎಂ.ಎಸ್ಸಿ ಪ್ರವೇಶದ ಅರ್ಹತೆಯನ್ನು ಓದಿಲ್ಲ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಥವಾ ಪಿಎಂಸಿಎಸ್ (ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ) ಎರಡರಲ್ಲಿ ಒಂದು. ಆಯ್ಕೆ ಇದ್ದರೆ ನಾನು ಪಿಎಂಸಿಎಸ್‌ಗೆ ಒಂದು ಕೂದಲೆಳೆ ಹೆಚ್ಚು ತೂಕ ಕೊಡುತ್ತೇನೆ, ಯಾಕೆಂದರೆ ಇವತ್ತು ಹವಾಮಾನದವರ ದಿನದ ಮುಕ್ಕಾಲು ಪಾಲು ಕಂಪ್ಯೂಟರಿನ ಮುಂದೆ ಹೋಗುತ್ತದೆ. ಸಮುದ್ರ ರಸಾಯನದ ಕಡೆ ಮನಸ್ಸಿದ್ದರೆ ಪಿಸಿಎಂ. 2024-25ರಿಂದ ನಮ್ಮಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಮೂರು ವರ್ಷದ ಪದವಿಯಿಂದ ಎಂ.ಎಸ್ಸಿಗೆ ತೊಂದರೆಯಿಲ್ಲ, ನೇರ ಎಂ.ಟೆಕ್ ಅಥವಾ ಪಿಎಚ್.ಡಿಗೆ ಮಾತ್ರ ಸಾಲದು.

ಆಮೇಲೆ ಎಲ್ಲಿಗೆ? ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಅಂದರೆ ಕುಸ್ಯಾಟ್‌ನಲ್ಲಿ ಮೀಟಿಯರಾಲಜಿ (ಹವಾಮಾನ ವಿಜ್ಞಾನ) ಮತ್ತು ಓಷನಾಗ್ರಫಿ (ಸಮುದ್ರ ವಿಜ್ಞಾನ) ಎರಡರಲ್ಲೂ ಎಂ.ಎಸ್ಸಿ ಇದೆ, ಪ್ರವೇಶ ಅವರದೇ ಪರೀಕ್ಷೆಯಿಂದ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದ್ದು ಹಳೆಯ ವಿಭಾಗ. ಪುಣೆ ವಿಶ್ವವಿದ್ಯಾಲಯದಲ್ಲೂ ವಾತಾವರಣ ವಿಜ್ಞಾನದ ವಿಭಾಗವಿದೆ. ಭುವನೇಶ್ವರದ ಐಐಟಿಯಲ್ಲಿ ವಾತಾವರಣ ಮತ್ತು ಸಮುದ್ರ ವಿಜ್ಞಾನದ ಎಂ.ಎಸ್ಸಿಗೆ ಐಐಟಿಗಳ ಪ್ರವೇಶ ಪರೀಕ್ಷೆಯಾದ ಜಾಮ್ ಬರೆಯಬೇಕು. ಜಾಮ್ ಬಗ್ಗೆ ಒಂದು ಎಚ್ಚರಿಕೆ. ಫೆಬ್ರವರಿಯಲ್ಲಿ ನಡೆಯುವ ಇದಕ್ಕೆ ಅರ್ಜಿ ಅದರ ಹಿಂದಿನ ಸೆಪ್ಟೆಂಬರ್-ಅಕ್ಟೋಬರಿನಲ್ಲೇ ಹಾಕಬೇಕು, ಅಂದರೆ ಅಂತಿಮ ವರ್ಷ ಶುರುವಾದ ಕೆಲವೇ ತಿಂಗಳಲ್ಲಿ. ನಮ್ಮ ವಿಶ್ವವಿದ್ಯಾಲಯಗಳ ಪರೀಕ್ಷೆ ‘ವಿವರಿಸಿ, ನಿರೂಪಿಸಿ’ ಎನ್ನುವ ಬಗೆಯದು, ಜಾಮ್ ಸಂಖ್ಯೆಯಲ್ಲಿ ಉತ್ತರ ಕೇಳುತ್ತದೆ. ನೋಟ್ಸ್ ಓದಿ ಶೇಕಡ ಎಂಬತ್ತೈದು ತೆಗೆದವರು ಇಲ್ಲಿ ಮುಗ್ಗರಿಸುವುದು ಅದಕ್ಕೇ. ನಾಲ್ಕನೇ ಸೆಮಿಸ್ಟರಿನಿಂದಲೇ ದಿನಕ್ಕೆ ಐದು ಲೆಕ್ಕ ಅಂತ ಹಿಡಿದರೆ ಸಾಕಾಗುತ್ತದೆ.

ಮೂರನೆಯದು ಸೋದರಮಾವ ಹೇಳಿದ ಅಗ್ರಿ. ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನಾಲ್ಕು ವರ್ಷದ ಬಿ.ಎಸ್ಸಿ ಕೃಷಿಯಲ್ಲಿ ಕೃಷಿ ಹವಾಮಾನದ ಪಾಠವಿದೆ, ಮುಂದೆ ಅದರಲ್ಲೇ ಎಂ.ಎಸ್ಸಿ ಮಾಡಬಹುದು. ಸಿಇಟಿ ಮೂಲಕ ಪ್ರವೇಶ, ಕೃಷಿಕರ ಕೋಟಾ ಇದೆ. ಹಾಸನದ ಕಾರೇಕೆರೆಯಲ್ಲೇ ಕೃಷಿ ಕಾಲೇಜು, ಮೂಡಿಗೆರೆಯಲ್ಲೇ ತೋಟಗಾರಿಕೆ ಕಾಲೇಜು. ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆಗಳನ್ನು ಬರೆಯುವವರು ಈ ದಾರಿಯಲ್ಲಿ ಬಂದವರು. ಆದರೆ ಮಗಳಿಗೆ ಬೇಕಾಗಿರುವುದು ಮಳೆ ಯಾಕೆ ಹೀಗೆ ಸುರಿಯುತ್ತದೆ ಎಂಬುದೋ, ಅಥವಾ ಮಳೆ ಬಂದರೆ ಗಿಡಕ್ಕೇನಾಗುತ್ತದೆ ಎಂಬುದೋ? ಮೊದಲನೆಯದಾದರೆ ಅಗ್ರಿ ಸರಿಹೊಂದುವುದಿಲ್ಲ. ಅಗ್ರಿ ಪದವಿಯಲ್ಲಿ ಭೌತಶಾಸ್ತ್ರ ಒಂದು ವಿಷಯವಾಗಿ ಇರುವುದಿಲ್ಲ, ಹಾಗಾಗಿ ಮೇಲೆ ಹೇಳಿದ ಹವಾಮಾನ ಇಲಾಖೆಯ ಹುದ್ದೆಗೂ ಮೀಟಿಯರಾಲಜಿ ಎಂ.ಎಸ್ಸಿಗೂ ತಿರುಗುವುದು ಕಷ್ಟ. ಎರಡನೆಯದಾದರೆ ಸೋದರಮಾವನ ಮಾತು ಕೇಳಿ, ತೋಟಕ್ಕೂ ಒಳ್ಳೆಯದು.

ಎಂಜಿನಿಯರಿಂಗ್ ಮಾಡಿ ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆ ಬರೆದು ಭಾರತೀಯ ವಿಜ್ಞಾನ ಸಂಸ್ಥೆ ಅಥವಾ ದೆಹಲಿ ಐಐಟಿಯ ವಾತಾವರಣ ಕೇಂದ್ರಗಳಿಗೆ ಹೋಗುವವರೂ ಇದ್ದಾರೆ. ಅವಳಿಗೆ ಎಂಜಿನಿಯರಿಂಗ್ ಇಷ್ಟವಿದ್ದರೆ ಮಾತ್ರ ಅದು ದಾರಿ. ಗಣಿತ ನಿಜಕ್ಕೂ ಒಗ್ಗದಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಬಿ.ಎಫ್.ಎಸ್ಸಿ, ಆಮೇಲೆ ಕಾರವಾರದಂಥ ಕಡೆ ಕಡಲ ಜೀವಶಾಸ್ತ್ರ. ಸಮುದ್ರ ಸಿಗುತ್ತದೆ, ಮಳೆ ಸಿಗುವುದಿಲ್ಲ.

‘ಇಲಾಖೆ ಹೇಳಿದ್ದು ಯಾವತ್ತು ಸರಿ ಹೋಗಿದೆ’

ಊರವರ ನಗುವಿಗೂ ಕಾರಣವಿದೆ, ಅದು ಅರ್ಧ ಭಾಷೆಯ ಸಮಸ್ಯೆ. ಹವಾಮಾನ ಇಲಾಖೆ ಜಿಲ್ಲೆಯ ‘ಒಂದೆರಡು ಕಡೆ’ ಮಳೆ ಎಂದರೆ ಅಲ್ಲಿಯ ಮಳೆ ಮಾಪನ ಕೇಂದ್ರಗಳಲ್ಲಿ ಕಾಲುಭಾಗಕ್ಕೆ ಮೀರದಷ್ಟರಲ್ಲಿ ಎಂದರ್ಥ. ‘ಕೆಲವು ಕಡೆ’ ಎಂದರೆ ಶೇಕಡ 26ರಿಂದ 50, ‘ಹಲವು ಕಡೆ’ 51ರಿಂದ 75, ‘ಬಹುತೇಕ ಕಡೆ’ ಅದಕ್ಕೂ ಮೇಲೆ. ‘ಭಾರೀ ಮಳೆ’ ಎಂಬುದೂ ಉತ್ಪ್ರೇಕ್ಷೆಯ ಮಾತಲ್ಲ, 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ. 204.4 ದಾಟಿದರೆ ‘ಅತ್ಯಂತ ಭಾರೀ’. ಪತ್ರಿಕೆಗೆ ಬರುವಷ್ಟರಲ್ಲಿ ಇದೆಲ್ಲ ಹೋಗಿ ‘ಇಂದು ಚಿಕ್ಕಮಗಳೂರಿನಲ್ಲಿ ಮಳೆ’ ಎಂದಷ್ಟೇ ಉಳಿಯುತ್ತದೆ. ಕೊಪ್ಪದಲ್ಲಿ ಸುರಿದು ಕಡೂರು ಒಣಗಿದ್ದರೆ ಕಡೂರಿನವರು ನಗದೆ ಏನು ಮಾಡಿಯಾರು?

ಇನ್ನರ್ಧ ನಿಜವಾದ ಕಷ್ಟ. ಕಾಫಿ ಗಿಡದ ಹೂ ಅರಳಿಸುವ ಮಾರ್ಚ್-ಏಪ್ರಿಲಿನ ಹೂಮಳೆಯನ್ನೇ ತೆಗೆದುಕೊಳ್ಳಿ. ಅದು ಕೆಲವೇ ಕಿಲೋಮೀಟರ್ ಅಗಲದ ಗುಡುಗು ಮೋಡದಿಂದ ಬರುತ್ತದೆ, ಗಂಟೆಯೊಳಗೆ ಕರಗಿಹೋಗುತ್ತದೆ. ನಿಮ್ಮ ತೋಟಕ್ಕೆ ಒಂದು ಇಂಚು ಬಿದ್ದು ಪಕ್ಕದ ತೋಟಕ್ಕೆ ಹತ್ತು ಸೆಂಟ್ಸ್ (ಒಂದು ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಬಿದ್ದದ್ದು ನಿಮಗೇ ಗೊತ್ತಿರುತ್ತದೆ. ಮುನ್ಸೂಚನೆಯ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹೆಚ್ಚಿ ಲೆಕ್ಕ ಮಾಡುತ್ತವೆ. ಬಹುಕಾಲ ಆ ಚೌಕ 12 ಕಿಲೋಮೀಟರಿನದಿತ್ತು, 2025ರ ಮೇ ತಿಂಗಳಲ್ಲಿ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಸಿದ್ಧಪಡಿಸಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 6 ಕಿಲೋಮೀಟರಿಗೆ ಇಳಿಸಿತು. ಜರಡಿಯ ಕಣ್ಣಿಗಿಂತ ಸಣ್ಣ ಕಾಳು ಉದುರಿಹೋಗುವ ಹಾಗೆ, ಚೌಕಕ್ಕಿಂತ ಸಣ್ಣ ಮೋಡವನ್ನು ಮಾದರಿ ನೇರವಾಗಿ ಹಿಡಿಯಲಾರದು. ಅದರ ಮೇಲೆ, ಆರಂಭದ ಅಳತೆಯಲ್ಲಿನ ಕಿರಿದಾದ ತಪ್ಪು ದಿನಗಳೆದಂತೆ ದೊಡ್ಡದಾಗುತ್ತದೆ ಎಂದು ಎಡ್ವರ್ಡ್ ಲೊರೆಂಜ್ 1963ರಲ್ಲೇ ತೋರಿಸಿದ್ದಾರೆ. ವಿಷಯ ಓದಲು ಲಾಯಕ್ಕಲ್ಲ ಎಂಬುದಕ್ಕೆ ಇದು ಕಾರಣವಲ್ಲ, ಇನ್ನೂ ಕೆಲಸ ಬಾಕಿ ಇದೆ ಎಂಬುದಕ್ಕೆ ಕಾರಣ.

ಇಲ್ಲೇ ಒಂದು ಪದದ ಗೊಂದಲವನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಇವತ್ತಿನ ಮಳೆ ಬಿಸಿಲಿಗೂ ‘ಹವಾಮಾನ’, ‘ಹವಾಮಾನ ಬದಲಾವಣೆ’ಗೂ ಅದೇ ಪದ. ಶಾಲಾ ಪುಸ್ತಕದ ‘ವಾಯುಗುಣ’ ಎಂಬ ಒಳ್ಳೆಯ ಪದವನ್ನು ಪತ್ರಿಕೆಗಳು ಮರೆತಿವೆ. ದಿನದ ಸ್ಥಿತಿ ಹವಾಮಾನ, 30 ವರ್ಷಗಳ ಸರಾಸರಿ ನಡವಳಿಕೆ ವಾಯುಗುಣ. ಕೋರ್ಸ್ ಆಯ್ಕೆ ಮಾಡುವಾಗ ಈ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ, ಎರಡಕ್ಕೂ ಬೇಕಾದ ಸ್ವಭಾವ ಬೇರೆ. ಮುನ್ಸೂಚನೆಯವರು ಬೆಳಿಗ್ಗೆ ಐದೂವರೆಗೆ ಮೇಲಿನ ಗಾಳಿಯನ್ನು ಅಳೆಯುವ ಬಲೂನು ಹಾರಿಸಿ, ಸಂಜೆಯೊಳಗೆ ತಪ್ಪೋ ಸರಿಯೋ ತಿಳಿದುಕೊಳ್ಳುತ್ತಾರೆ. ವಾಯುಗುಣದವರು ಒಂದು ಪ್ರಶ್ನೆ ಹಿಡಿದು ಮೂರು ವರ್ಷ ಕೂರಬೇಕು.

ಹಡಗು, ಸಂಬಳ

ಹಡಗಿನ ಭಯ ಬಿಡಿ. ಸಂಶೋಧನಾ ಹಡಗುಗಳಲ್ಲಿ ಹೋಗುವವರು ಸಾಮಾನ್ಯವಾಗಿ ಕೆಲವು ವಾರಗಳಿಗೆ ಹೋಗುತ್ತಾರೆ, ಅದೂ ಎಲ್ಲರೂ ಅಲ್ಲ. ಇವತ್ತು ಸಮುದ್ರದ ಮಾಹಿತಿಯ ಬಹುಪಾಲು ಉಪಗ್ರಹಗಳಿಂದ ಮತ್ತು ಆರ್ಗೋ ಫ್ಲೋಟ್‌ಗಳಿಂದ ಬರುತ್ತದೆ. ಪ್ರಪಂಚದಲ್ಲಿ ಸುಮಾರು ನಾಲ್ಕು ಸಾವಿರ ಇಂಥ ಉಪಕರಣಗಳು ತೇಲುತ್ತಿವೆ. ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೆ ಬರುತ್ತಾ ಉಷ್ಣತೆ, ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಮೀನುಗಾರರಿಗೆ ಎಚ್ಚರಿಕೆ, ಸುನಾಮಿ ಸೂಚನೆ ಕೊಡುವ ಇಂಕಾಯಿಸ್ ಇರುವುದು ಸಮುದ್ರವೇ ಇಲ್ಲದ ಹೈದರಾಬಾದಿನಲ್ಲಿ. ಹೋಗಬೇಕೆನಿಸಿದರೆ ತಡೆಯೂ ಇಲ್ಲ, ಸಮುದ್ರ ವಿಜ್ಞಾನಿ ಅದಿತಿ ಪಂತ್ 1983-84ರಲ್ಲೇ ಅಂಟಾರ್ಕ್ಟಿಕಾಕ್ಕೆ ಹೋಗಿಬಂದರು.

ಕೆಲಸದ ವಿಷಯದಲ್ಲಿ ಸಿಹಿ ಮಾತ್ರ ಹೇಳಲಾರೆ. ಹವಾಮಾನ ಇಲಾಖೆಯ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆ ಕೇಂದ್ರ ವೇತನ ಶ್ರೇಣಿ 6ರದು, ಮೂಲ ವೇತನ 35,400 ರೂಪಾಯಿಯಿಂದ ಶುರು. ಪಾಳಿ ಇರುತ್ತದೆ, ದೇಶದ ಯಾವ ಮೂಲೆಗಾದರೂ ಹಾಕಬಹುದು. ಆದರೆ ಆ ಪರೀಕ್ಷೆ ಪ್ರತಿ ವರ್ಷ ನಡೆಯುವುದಿಲ್ಲ, 2017ರ ನಂತರ ಬಂದದ್ದು 2022ರಲ್ಲಿ. ಅದೊಂದನ್ನೇ ಕಾಯುತ್ತಾ ವಯಸ್ಸು ಕಳೆಯಬಾರದು. ವಿಜ್ಞಾನಿಯಾಗಬೇಕಾದರೆ ಎಂ.ಎಸ್ಸಿ ನಂತರ ಪಿಎಚ್.ಡಿ. ನೆಟ್ ಪರೀಕ್ಷೆಯಲ್ಲಿ ಭೂಮಿ, ವಾತಾವರಣ, ಸಮುದ್ರ, ಗ್ರಹ ವಿಜ್ಞಾನಕ್ಕೇ ಒಂದು ಪತ್ರಿಕೆ ಇದೆ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ. ಪಿಎಚ್.ಡಿ ಮುಗಿಯುವಾಗ ವಯಸ್ಸು 28-29 ಆಗಿರುತ್ತದೆ, ಕಾಯಂ ಹುದ್ದೆಗೆ ಇನ್ನೂ ಎರಡು ಮೂರು ವರ್ಷ ಹಿಡಿಯಬಹುದು. ಮನೆಯವರು ಈ ಲೆಕ್ಕವನ್ನು ಈಗಲೇ ತಿಳಿದಿದ್ದರೆ ಆಮೇಲೆ ‘ಇನ್ನೂ ಓದ್ತಾನೇ ಇದಾಳಾ’ ಎಂಬ ಮಾತು ಬರುವುದಿಲ್ಲ.

ಖಾಸಗಿಯಲ್ಲಿ ಸದ್ದಿಲ್ಲದೆ ಬೆಳೆದಿರುವುದು ವಿದ್ಯುತ್ ಕ್ಷೇತ್ರ. ಗಾಳಿಯಂತ್ರ, ಸೋಲಾರ್ ಪಾರ್ಕುಗಳು ದಿನವನ್ನು 15 ನಿಮಿಷದ 96 ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಎಷ್ಟು ವಿದ್ಯುತ್ ಕೊಡುತ್ತೇವೆ ಎಂದು ಮುಂಚಿತವಾಗಿ ಹೇಳಬೇಕು, ತಪ್ಪಿದರೆ ದಂಡ. ಕರ್ನಾಟಕದಲ್ಲೂ ಈ ನಿಯಮ ಇದೆ. ಹಾಗಾಗಿ ಗಾಳಿಯ ಮುನ್ಸೂಚನೆ ಬಲ್ಲವರಿಗೆ ಅಲ್ಲಿ ಕೆಲಸವಿದೆ. ಅಡಿಕೆ, ಮೆಣಸಿಗೆ ನೀವು ಕಟ್ಟುವ ಹವಾಮಾನ ಆಧಾರಿತ ಬೆಳೆ ವಿಮೆಯ ಹಿಂದೆಯೂ ಮಳೆಯ ಅಂಕಿಗಳನ್ನು ಅಳೆದು ತೂಗುವವರಿದ್ದಾರೆ. ಎರಡು ಕಡೆಯೂ ಕೇಳುವುದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಬರುತ್ತದಾ, ಸಂಖ್ಯಾಶಾಸ್ತ್ರ ಬರುತ್ತದಾ ಎಂದು. ಹಾಸನದಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಟಿವಿಯಲ್ಲಿ ಮೋಡದ ಚಿತ್ರ ತೋರಿಸುವ ಇನ್ಸಾಟ್-3ಡಿಆರ್, 3ಡಿಎಸ್ ಉಪಗ್ರಹಗಳನ್ನು ಕಕ್ಷೆಯಲ್ಲಿ ಕಾಯುವುದು ಅಲ್ಲಿಂದಲೇ, ನಿಜ. ಆದರೆ ಆ ಕೆಲಸ ಎಂಜಿನಿಯರುಗಳದು, ಚಿತ್ರ ಓದುವುದು ದೆಹಲಿಯಲ್ಲಿ.

ಅಜ್ಜನ ಮಳೆ ಪುಸ್ತಕ

ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಇದು. 1974ರಿಂದ ಎಂದರೆ 50 ವರ್ಷಕ್ಕೂ ಮಿಕ್ಕಿದ ದಾಖಲೆ, ಒಂದೇ ತೋಟದ್ದು. ಮಗಳು ಪದವಿ ಮುಗಿಸುವುದರೊಳಗೆ ಇದನ್ನು ಕಂಪ್ಯೂಟರಿಗೆ ಹಾಕಿ ಸರಿಯಾಗಿ ವಿಶ್ಲೇಷಿಸಿದರೆ, ಎಂ.ಎಸ್ಸಿ ಸಂದರ್ಶನದಲ್ಲಿ ಯಾವ ಸರ್ಟಿಫಿಕೇಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಮೊದಲು ಪ್ರತಿ ಪುಟದ ಫೋಟೋ ತೆಗೆಯಲಿ, ಆಮೇಲೆ ಬರೆದದ್ದನ್ನು ಬರೆದಂತೆಯೇ ಇಂಚು-ಸೆಂಟ್ಸ್‌ನಲ್ಲಿ ಏರಿಸಲಿ. ಪರಿವರ್ತನೆ ಬೇರೆ ಕಾಲಮಿನಲ್ಲಿ: 100 ಸೆಂಟ್ಸಿಗೆ 25.4 ಮಿಲಿಮೀಟರ್. ಖಾಲಿ ಜಾಗವನ್ನು ಸೊನ್ನೆ ಎಂದು ತುಂಬಬಾರದು. ‘ಮಳೆ ಇಲ್ಲ’ ಬೇರೆ, ‘ಬರೆದಿಲ್ಲ’ ಬೇರೆ. ಮದುವೆಗೋ ಆಸ್ಪತ್ರೆಗೋ ಹೋದ ವಾರಗಳು ಮಳೆಗಾಲದ ನಡುವೆ ಸೊನ್ನೆಯಾಗಿ ಕುಳಿತರೆ ಇಡೀ ವರ್ಷ ಹಾಳು. ಬೆಳಿಗ್ಗೆ ಎಷ್ಟು ಗಂಟೆಗೆ ಅಳೆಯುತ್ತಿದ್ದರು, ನಿನ್ನೆಯ ಮಳೆಯನ್ನು ನಿನ್ನೆಯ ತಾರೀಖಿಗೆ ಬರೆಯುತ್ತಿದ್ದರೇ ಇವತ್ತಿನದಕ್ಕೇ ಎಂದು ಅಜ್ಜನನ್ನೇ ಕೇಳಲಿ. ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆದು ಅದೇ ದಿನಕ್ಕೆ ಬರೆಯುತ್ತದೆ, ತೋಟಗಳಲ್ಲಿ ಹಿಂದಿನ ದಿನಕ್ಕೆ ಬರೆಯುವ ರೂಢಿ ಉಂಟು. ಇನ್ನೊಂದು ಗುಪ್ತ ತಪ್ಪು ಅಳತೆಯ ಗ್ಲಾಸಿನದು. 5 ಇಂಚು ಬಾಯಿಯ ಮಾಪಕದ ಗ್ಲಾಸ್ ಒಡೆದು, ಅಂಗಡಿಯಲ್ಲಿ ಸಿಕ್ಕ 8 ಇಂಚಿನ ಮಾಪಕದ ಗ್ಲಾಸ್ ತಂದಿದ್ದರೆ, ಅಂದಿನಿಂದ ಒಂದು ಇಂಚು ಮಳೆ 39 ಸೆಂಟ್ಸ್ ಎಂದು ದಾಖಲಾಗಿರುತ್ತದೆ. ಯಾವುದೋ ಒಂದು ವರ್ಷದಿಂದ ಮಳೆ ದಿಢೀರನೆ ಅರ್ಧಕ್ಕಿಂತ ಕಡಿಮೆಯಾಗಿದ್ದರೆ ವಾಯುಗುಣವನ್ನು ದೂರುವ ಮೊದಲು ಗ್ಲಾಸ್ ನೋಡಬೇಕು.

ಹೋಲಿಸಲು ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದೀಚಿನ ದಿನವಹಿ ಮಳೆಯನ್ನು ಅಕ್ಷಾಂಶ-ರೇಖಾಂಶದ ಕಾಲು ಡಿಗ್ರಿ ಚೌಕಗಳಲ್ಲಿ ಉಚಿತವಾಗಿ ಕೊಡುತ್ತದೆ. ಪೈಥಾನಿನಲ್ಲಿ ಎಕ್ಸ್‌ಅರೇ ಎಂಬ ಲೈಬ್ರರಿಯಿಂದ ತೆರೆಯಬಹುದು. ಅದರಲ್ಲಿ ಮಾಹಿತಿ ಇಲ್ಲದ ಕಡೆ -999 ಎಂದಿರುತ್ತದೆ, ಅದನ್ನು ತೆಗೆಯದೆ ಸರಾಸರಿ ಮಾಡಿ ‘ಋಣ ಮಳೆ’ ಕಂಡುಹಿಡಿದ ವಿದ್ಯಾರ್ಥಿಗಳು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಒಂದು ಚೌಕದ ಬದಿ ಸುಮಾರು 27 ಕಿಲೋಮೀಟರ್, ಘಾಟಿಯ ಅಂಚೂ ಒಳನಾಡೂ ಒಂದೇ ಚೌಕದಲ್ಲಿ ಬೆರೆತುಹೋಗಬಹುದು. ಹಾಗಾಗಿ ತೋಟದ ಅಂಕಿಗೂ ಚೌಕದ ಅಂಕಿಗೂ ತಾಳೆಯಾಗದಿದ್ದರೆ ಅಜ್ಜ ತಪ್ಪು ಎಂದು ತೀರ್ಮಾನಿಸಬೇಕಿಲ್ಲ. ಯುರೋಪಿನ ಇಆರ್‌ಎ5 ಎಂಬ ಇಡೀ ಪ್ರಪಂಚದ ಹವಾಮಾನ ಮಾಹಿತಿ ಬಳಸಿದರೆ ಮಳೆ ಮೀಟರಿನಲ್ಲಿರುತ್ತದೆ, ಗಂಟೆ ಗ್ರೀನಿಚ್‌ನದು, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ.

ವರ್ಷದ ಒಟ್ಟು ಮಳೆಯಿಂದ ಶುರು ಮಾಡುವುದು ಬೇಡ, ಅದು ಏರಿಳಿದು ಏನನ್ನೂ ಹೇಳುವುದಿಲ್ಲ. ಫೆಬ್ರವರಿ 1ರ ನಂತರ ಮೊದಲ ಸಲ ಒಂದು ಇಂಚು ಬಿದ್ದ ದಿನ ಯಾವುದು, ಅದು ದಶಕದಿಂದ ದಶಕಕ್ಕೆ ಸರಿದಿದೆಯೇ? 2 ಇಂಚು 54 ಸೆಂಟ್ಸ್, ಅಂದರೆ 64.5 ಮಿಲಿಮೀಟರ್ ಮುಟ್ಟಿದ ದಿನಗಳು ವರ್ಷಕ್ಕೆಷ್ಟು? ಅಜ್ಜ ಆರಿದ್ರೆ, ಪುನರ್ವಸು ಎಂದು ನಕ್ಷತ್ರ ಬರೆದಿದ್ದರೆ ಇನ್ನೂ ಚೆಂದ. ಒಂದೊಂದು ಮಳೆ ನಕ್ಷತ್ರ ಹದಿಮೂರು ಹದಿನಾಲ್ಕು ದಿನದ್ದು, ಹಾಗೇ ಗುಂಪು ಮಾಡಿ ಗಾದೆಗಳನ್ನೇ ಪರೀಕ್ಷಿಸಬಹುದು. ಇದು ಹುಡುಗಾಟವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಪಾವಗಡದ ಶೇಂಗಾ ಬೆಳೆಗಾರರ ಜೊತೆ ಕುಳಿತು, ಮಳೆಯ ದಾಖಲೆ ಮತ್ತು ರೈತರ ಅನುಭವ ಎರಡನ್ನೂ ಇಟ್ಟುಕೊಂಡೇ ಬಿತ್ತನೆಯ ಕಾಲದ ಪ್ರಶ್ನೆಯನ್ನು ಬಿಡಿಸಲು ಕೆಲಸ ಮಾಡಿದವರು.

ಅಜ್ಜನ ನಂತರವೂ ಅಳೆಯುವುದನ್ನು ನಿಲ್ಲಿಸಬೇಡಿ. ಸ್ವಯಂಚಾಲಿತ ಯಂತ್ರ ತಂದರೂ ಹಳೆಯ ಮಾಪಕವನ್ನು ಪಕ್ಕದಲ್ಲೇ ಎರಡು ಮಳೆಗಾಲವಾದರೂ ಇಟ್ಟು ಎರಡನ್ನೂ ಬರೆಯಿರಿ, ಇಲ್ಲದಿದ್ದರೆ ಯಂತ್ರ ಬದಲಾದದ್ದೋ ಮಳೆ ಬದಲಾದದ್ದೋ ಗೊತ್ತಾಗದು. ಮಾಪಕದ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರಲಿ. ಸುತ್ತಲಿನ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬೇಕು, ಹತ್ತು ಮೀಟರಿನ ಸಿಲ್ವರ್ ಓಕ್‌ಗೆ ಇಪ್ಪತ್ತು ಮೀಟರ್. ಕಾಫಿ ತೋಟದ ನಡುವೆ ಅಷ್ಟು ಬಯಲು ಸಿಗುವುದು ಕಣದ ಅಂಚಿನಲ್ಲಿ ಮಾತ್ರ. ಅಲ್ಲಿ ಹಾಕಿ, ಆಷಾಢದ ಜಡಿಮಳೆಯಲ್ಲಿ ಒಳಗಿನ ಬಾಟಲಿ ತುಂಬಿ ಹೊರಗಿನ ಡಬ್ಬಕ್ಕೆ ಚೆಲ್ಲಿದ ನೀರನ್ನೂ ಮರೆಯದೆ ಅಳೆಯಿರಿ.